ಅಡೋರ್ ಮೇಷ್ಟ್ರು

ದಾವಣಗೆರೆಯಿರಲಿ, ತಿಪಟೂರಿರಲಿ, ರಾಣೆಬೆನ್ನೂರಿರಲಿ, ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಒಂದು ಬೇಕರಿ, ಅದರ ನೆತ್ತಿಯ ಮೇಲೊಂದು ಸ್ಪೋಕನ್ ಇಂಗ್ಲಿಷ್ ಕ್ಲಾಸು ಇದ್ದೇ ಇರುತ್ತದೆ. ಬೋರ್ಡಿನಲ್ಲಿ ಕೋಟು ತೊಟ್ಟ ಬಿಳಿಯ ತರುಣನೊಬ್ಬ ಹೆಬ್ಬೆರಳೆತ್ತಿ ನಗುತ್ತಿರುತ್ತಾನೆ. ಅವನಿಗೂ ಆ ಕ್ಲಾಸಿಗೂ ಯಾವ ಸಂಬಂಧವೂ ಇಲ್ಲ. ಒಳಗಿರುವವರು ಟೈ ಕಟ್ಟಿ ಹವಾಯಿ ಚಪ್ಪಲಿ ಮೆಟ್ಟಿದ ಮೇಷ್ಟ್ರು. ದಾವಣಗೆರೆಯಲ್ಲಿ ನಾನು ಬಲ್ಲ ಒಬ್ಬರಿಗೆ ‘ಅಡೋರ್ ಮೇಷ್ಟ್ರು’ ಅಂತಲೇ ಹೆಸರು.

ಟೆನ್ಸು, ವಾಯ್ಸು, ಪ್ರಿಪೊಸಿಷನ್ನು ಇವರಿಗೆ ಲೆಕ್ಕಕ್ಕಿಲ್ಲ. “ಅದೆಲ್ಲ ರೆನ್ ಅಂಡ್ ಮಾರ್ಟಿನ್‌ನಲ್ಲಿ ಸಿಗ್ತದ್ರೀ, ಫೀಲಿಂಗ್ ಎಲ್ಲಿ ಸಿಗ್ತದೆ?” ಎನ್ನುತ್ತಾರೆ. ರ‍್ಯಾಪಿಡೆಕ್ಸ್ ಪುಸ್ತಕ ಹಿಡಿದ ಕಪಿಲ್ ದೇವ್ ಜಾಹೀರಾತು ನೋಡಿ ಇಂಗ್ಲಿಷಿಗೆ ಬಿದ್ದ ತಲೆಮಾರು ಅವರದು. ಅವರ ಪ್ರಕಾರ ಇಂಟರ್‌ವ್ಯೂನಲ್ಲಿ ಕೇಳುವುದು ಎರಡೇ ಪ್ರಶ್ನೆ: ನಿನಗೇನು ಇಷ್ಟ, ಏನು ಇಷ್ಟವಿಲ್ಲ. ಅದಕ್ಕೆ ‘ಐ ಲೈಕ್ ಕ್ರಿಕೆಟ್, ಐ ಡೋಂಟ್ ಲೈಕ್ ಬದನೆಕಾಯಿ’ ಎಂದು ಉತ್ತರಿಸುವವನು ಜೀವನಪೂರ್ತಿ ಡಾಟಾ ಎಂಟ್ರಿ ಮಾಡಿಕೊಂಡಿರುತ್ತಾನೆ. ‘ಐ ಆಮ್ ಪ್ಯಾಷನೇಟ್ ಅಬೌಟ್ ಕಸ್ಟಮರ್ ಸ್ಯಾಟಿಸ್‌ಫ್ಯಾಕ್ಷನ್’ ಎಂದವನು ಟೀಮ್ ಲೀಡರ್ ಆಗುತ್ತಾನೆ. ನಿನಗೆ ನಿಜವಾಗಿ ಹಾಗೆ ಅನ್ನಿಸಬೇಕು ಎಂದು ಯಾರೂ ಕೇಳಿಲ್ಲ, ಕೇಳುವವನಿಗೂ ಅನ್ನಿಸಿರುವುದಿಲ್ಲ.

ಪಾಠ ನಡೆಯುವುದು ಕೋಣೆಯಲ್ಲಲ್ಲ, ಮೆಟ್ಟಿಲ ಮೇಲೆ. ಕಟ್ಟಡದ ಮೆಟ್ಟಿಲಿಗೆ ಮೇಷ್ಟ್ರು ಬಿಳಿ ಪೇಂಟಿನಲ್ಲಿ ಹೆಸರು ಬರೆಸಿದ್ದಾರೆ. ಬೇಕರಿ ಮುಂದಿನ ನೆಲ ‘ಓಕೆ’. ಮೊದಲ ಮೆಟ್ಟಿಲು ‘ಲೈಕ್’, ಆಮೇಲೆ ‘ಎಂಜಾಯ್’, ‘ಫಾಂಡ್ ಆಫ್’, ‘ಕೀನ್ ಆನ್’. ತಿರುವಿನಲ್ಲಿ ‘ಲವ್’, ಅಲ್ಲಿಂದಾಚೆ ‘ಕ್ರೇಜಿ ಅಬೌಟ್’, ಕ್ಲಾಸಿನ ಬಾಗಿಲಿಗೆ ಹತ್ತಿದಂತೆ ‘ಅಡೋರ್’. ಹೊಸ ಹುಡುಗ ಬಂದರೆ ಅವನ ಮನಸ್ಸಿನಲ್ಲಿರುವ ವಸ್ತು ಯಾವುದೆಂದು ಕೇಳಿ, ತಕ್ಕ ಮೆಟ್ಟಿಲಲ್ಲಿ ನಿಲ್ಲಿಸಿ, ಅಲ್ಲಿಂದಲೇ ವಾಕ್ಯ ಹೇಳಿಸುತ್ತಾರೆ. ಬೆಣ್ಣೆದೋಸೆ ಅಂದವನು ಎಲ್ಲಿ ನಿಂತಿದ್ದರೂ ಮೇಷ್ಟ್ರು ಅವನನ್ನು ಎರಡು ಮೆಟ್ಟಿಲು ಮೇಲಕ್ಕೆ ಕರೆಯುತ್ತಾರೆ. ಊರಭಿಮಾನ.

ದ್ವೇಷಕ್ಕೆ ಮಾತ್ರ ಜಾಗದ ತೊಂದರೆಯಾಯಿತು. ಮೆಟ್ಟಿಲು ನೆಲದಿಂದ ಮೇಲಕ್ಕೆ ಹೋಗುತ್ತದೆಯೇ ಹೊರತು ಕೆಳಕ್ಕೆ ಇಳಿಯುವುದಿಲ್ಲವಲ್ಲ. ಆದರೆ ಬೇಕರಿಯವರ ಮೈದಾ ಗೋದಾಮು ನೆಲಮಾಳಿಗೆಯಲ್ಲಿತ್ತು. ಮೇಷ್ಟ್ರು ಮಾಲೀಕರ ಕೈಕಾಲು ಹಿಡಿದು ಆ ಮೆಟ್ಟಿಲಿಗೂ ಪೇಂಟ್ ಹೊಡೆಸಿದರು. ಇಳಿಯುತ್ತಾ ಹೋದರೆ ‘ಡಿಸ್‌ಲೈಕ್’, ‘ಕಾಂಟ್ ಸ್ಟ್ಯಾಂಡ್’, ‘ಹೇಟ್’, ‘ಡಿಟೆಸ್ಟ್’, ‘ಲೋದ್’. ಕಟ್ಟಕಡೆಗೆ, ಬಲ್ಬು ಸುಟ್ಟುಹೋದ ಕತ್ತಲಲ್ಲಿ ‘ಅಬ್‌ಹಾರ್’. ಇದರಿಂದ ನಿಜಕ್ಕೂ ಇಂಗ್ಲಿಷ್ ಕಲಿತವನು ಬಿಡಿಗಾಸು ಫೀಸು ಕೊಡದ ಬೇಕರಿ ಹುಡುಗ. “ಅಬ್‌ಹಾರ್ ಹತ್ರ ಎರಡು ಮೂಟೆ ಮೈದಾ ಐತೆ ನೋಡಲೇ, ಹೇಟ್ ಮೇಲೆ ನೀರು ಚೆಲ್ಲೈತೆ, ಜಾರ್ತೀಯ” ಎಂದು ಅವನು ಜೊತೆಗಾರನಿಗೆ ಕೂಗುವುದನ್ನು ನಾನು ರಸ್ಕು ಅದ್ದುತ್ತಾ ಎಷ್ಟೋ ಸಲ ಕೇಳಿದ್ದೇನೆ.

ಮೆಟ್ಟಿಲಿಗೆ ಕಾನೂನೂ ಇದೆ. ಕೆಳಗಿನ ಮೆಟ್ಟಿಲಿನವರು ‘ವೆರಿ’ ಹಾಕಬಹುದು, ಮೇಲಿನವರು ಹಾಕಕೂಡದು. ವೆರಿ ಗುಡ್ ಸರಿ, ವೆರಿ ಫೆಂಟಾಸ್ಟಿಕ್ ತಪ್ಪು. ಅಲ್ಲಿ ‘ಅಬ್ಸಲ್ಯೂಟ್ಲಿ’ ಬರಬೇಕು. “ಶಿಖರಕ್ಕೆ ಏಣಿ ಹಾಕಬಾರದು ಕಣಯ್ಯಾ” ಎಂದು ಗದರುತ್ತಾರೆ. ಇನ್ನೊಂದು ಕಾನೂನು, ಇಷ್ಟಾನಿಷ್ಟದ ಕ್ರಿಯಾಪದಕ್ಕೆ ‘ಇಂಗ್’ ಅಂಟಿಸಬಾರದು. ‘ಐ ಆಮ್ ಲೈಕಿಂಗ್’, ‘ಐ ಆಮ್ ಲವಿಂಗ್’ ಎಂದವರನ್ನು ಎಷ್ಟೋ ವರ್ಷ ನೆಲಕ್ಕಿಳಿಸಿ ಓಕೆ ಮೇಲೆ ನಿಲ್ಲಿಸುತ್ತಿದ್ದರು. 2003ರಲ್ಲಿ ಮೆಕ್‌ಡೊನಾಲ್ಡ್ಸ್ ‘ಐ ಆಮ್ ಲವಿಂಗ್ ಇಟ್’ ಎಂದು ಜಗತ್ತಿಗೆಲ್ಲ ಸಾರಿತು. ಬೆಂಗಳೂರಿಗೆ ಹೋಗಿ ಬಂದ ಒಬ್ಬ ಶಿಷ್ಯ ಆ ಬರಹವಿದ್ದ ಕಾಗದದ ಲೋಟವನ್ನೇ ತಂದು ಮೇಷ್ಟ್ರ ಮೇಜಿನ ಮೇಲಿಟ್ಟ. ಮೇಷ್ಟ್ರು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, “ಅದು ಬರ್ಗರಿಗೆ ಮಾತ್ರ” ಎಂದು ಪ್ರಕರಣ ಮುಗಿಸಿದರು. ಫೇಸ್‌ಬುಕ್ ಮೇಲೆ ಅವರಿಗೆ ಅಷ್ಟು ಸಿಟ್ಟಿಲ್ಲ. 2009ರಲ್ಲಿ ಬರೀ ಲೈಕ್ ಕೊಟ್ಟಿದ್ದವರು 2016ರಲ್ಲಿ ಹೃದಯದ ಲವ್ವು, ಕೆಂಪು ಮುಖದ ಸಿಟ್ಟು ಎಲ್ಲ ಸೇರಿಸಿದಾಗ, “ಕೊನೆಗೆ ಅವ್ರೂ ನಮ್ಮ ಮೆಟ್ಟಿಲಿಗೇ ಬಂದ್ರು” ಎಂದು ಹಿಗ್ಗಿದರು.

ಉಚ್ಚಾರದ ವಿಷಯದಲ್ಲಿ ‘ಲೋದ್’ ಅವರ ಪ್ರಾಣ ತಿಂದಿತು. ನಾಲಿಗೆಯ ತುದಿ ಹಲ್ಲಿಗೆ ತಾಗಿಸಿ ಗಾಳಿ ಬಿಡಬೇಕು ಎಂದು ತೋರಿಸಲು ಹೋಗಿ ಮುಂದಿನ ಸಾಲಿನವರಿಗೆಲ್ಲ ತೀರ್ಥಪ್ರೋಕ್ಷಣೆ. ಬೆಳಗಿನ ಬ್ಯಾಚಿನಲ್ಲಿ ಎಪಿಎಂಸಿಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು ಸ್ಪಷ್ಟವಾಗಿ, “ಐ ಲೋಡ್ ಆನಿಯನ್ಸ್” ಎಂದ. ಮೇಷ್ಟ್ರು ಮತ್ತೆ ಹೇಳಿಸಿದರು. ಮತ್ತೆ ಅದೇ. ಲೋಡ್ ಅಲ್ಲ, ಲೋದ್ ಎಂದು ತಿದ್ದಿದರೆ ಹುಡುಗ ಕಂಗಾಲಾಗಿ, “ಇಲ್ಲ ಸಾರ್, ದಿನಾ ನಾಲ್ಕು ಗಂಟೆಗೆದ್ದು ಲೋಡೇ ಮಾಡೋದು, ಲಾರಿ ತುಂಬಿಸಿಯೇ ಇಲ್ಲಿಗೆ ಬರೋದು” ಎಂದ. ಇಡೀ ಬ್ಯಾಚಿನಲ್ಲಿ ಅವತ್ತು ಸತ್ಯ ನುಡಿದವನು ಅವನೊಬ್ಬನೇ. ಮೇಷ್ಟ್ರು ಅವನನ್ನು ಯಾವ ಮೆಟ್ಟಿಲಲ್ಲೂ ನಿಲ್ಲಿಸಲಾಗದೆ ಕೂರಿಸಿದರು.

ಮೆಟ್ಟಿಲಿನ ಬುಡವೇ ಅಲುಗಾಡಿದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಆಕೆ ಮೇಷ್ಟ್ರಿಗೆ ಫೋನ್ ಮಾಡಿ ಗೋಳಾಡಿದಳು. ಮೇಲಧಿಕಾರಿ ಆಕೆಯ ಕೆಲಸವನ್ನು ‘ಕ್ವೈಟ್ ಗುಡ್’ ಎಂದರಂತೆ. ಇವಳು ಖುಷಿಯಿಂದ ವಾರ್ಡಿಗೆಲ್ಲ ಮೈಸೂರ್‌ಪಾಕ್ ಹಂಚಿದಳಂತೆ. ಆಮೇಲೆ ಗೊತ್ತಾಯಿತು, ಬ್ರಿಟಿಷರ ಬಾಯಲ್ಲಿ ಅದಕ್ಕೆ ‘ತಕ್ಕಮಟ್ಟಿಗೆ ಪರವಾಗಿಲ್ಲ’ ಎಂದಷ್ಟೇ ಬೆಲೆ. ಅದೇ ಮನುಷ್ಯ ಇನ್ನೊಬ್ಬಳಿಗೆ ಮುಖ ಗಂಟಿಕ್ಕಿಕೊಂಡೇ ‘ನಾಟ್ ಬ್ಯಾಡ್ ಅಟ್ ಆಲ್’ ಎಂದಿದ್ದ. ಬಡ್ತಿ ಹೋಗಿದ್ದು ಅವಳಿಗೆ. “ಇಲ್ಲಿ ಯಾರೂ ಏನನ್ನೂ ಅಡೋರ್ ಮಾಡಲ್ಲ ಸಾರ್, ಮಳೆ ನಿಂತರೂ ‘ನಾಟ್ ಟೂ ಬ್ಯಾಡ್’ ಅಂತಾರೆ” ಎಂಬುದು ಆಕೆಯ ವರದಿ.

ಅದೇ ಸುಮಾರಿಗೆ ಟೆಕ್ಸಾಸಿನಿಂದ ರಜೆಗೆ ಬಂದ ಸಾಫ್ಟ್‌ವೇರ್ ಶಿಷ್ಯನ ವರದಿ ಇದಕ್ಕೆ ತದ್ವಿರುದ್ಧ. ಹೋಟೆಲಿನಲ್ಲಿ ನೀರು ಸಾಕು ಅಂದರೂ ಮಾಣಿ ‘ಆಸಮ್’ ಎನ್ನುತ್ತಾನೆ. ಅಲ್ಲಿ ‘ಗುಡ್’ ಅಂದರೆ ಎದುರಿನವರು ಏನು ತಪ್ಪಾಯಿತು ಎಂದು ವಿಚಾರಿಸುತ್ತಾರೆ.

ಬೇರೆ ಯಾರಾದರೂ ಆಗಿದ್ದರೆ ಮೆಟ್ಟಿಲಿಗೆ ಸುಣ್ಣ ಬಳಿಯುತ್ತಿದ್ದರು. ಅಡೋರ್ ಮೇಷ್ಟ್ರು ರಾತ್ರಿಯಿಡೀ ಡಿಕ್ಷನರಿ ತಿರುವಿ ಮರುದಿನ ಹೊಸ ಸಿದ್ಧಾಂತದೊಡನೆ ಬಂದರು. ಹಿಂದೆ ‘ಟೆರಿಫಿಕ್’ ಎಂದರೆ ನಡುಕ ಹುಟ್ಟಿಸುವಂಥದ್ದು. ಈಗ ಸಂತೋಷಕ್ಕೆ ಹೇಳುತ್ತಾರೆ. ‘ಆಫುಲ್’, ‘ಆಸಮ್’ ಎರಡೂ ಒಂದೇ ತಾಯಿಯ ಮಕ್ಕಳು. “ಒಂದು ಗೋದಾಮಿಗೆ ಬಿತ್ತು, ಇನ್ನೊಂದು ಅಮೆರಿಕಕ್ಕೆ ಹೋಯ್ತು!” ಮಾತಿನ ಹಣೆಬರಹವೇ ಹೀಗಿರುವಾಗ ಮೆಟ್ಟಿಲಿನ ತಪ್ಪೇನು? ಗೋಡೆಗೆ ಹೊಸ ನೋಟಿಸು ಬಿತ್ತು: ಲಂಡನ್ ಅಭ್ಯರ್ಥಿಗಳು ತಮ್ಮ ಭಾವನೆಗಿಂತ ಎರಡು ಮೆಟ್ಟಿಲು ಕೆಳಗೆ, ಅಮೆರಿಕದವರು ಮೂರು ಮೆಟ್ಟಿಲು ಮೇಲೆ ನಿಂತು ಅಭ್ಯಾಸ ಮಾಡತಕ್ಕದ್ದು. ಸಂಜೆ ಬ್ಯಾಚಿನಲ್ಲಿ ಇಳಿಯುವ ಲಂಡನ್‌ನವರಿಗೂ ಹತ್ತುವ ಅಮೆರಿಕದವರಿಗೂ ‘ಫಾಂಡ್ ಆಫ್’ ಬಳಿ ಡಿಕ್ಕಿಯಾಗಿ, ಬೇಕರಿಯವರ ಒಂದು ಟ್ರೇ ದಿಲ್‌ಪಸಂದ್ ನೆಲ ಕಂಡಿತು. ಮಾಲೀಕರು ಅಂದು ಬಳಸಿದ್ದು ಅಪ್ಪಟ ಕನ್ನಡ. ಮೇಷ್ಟ್ರ ಪಟ್ಟಿಯ ಯಾವ ಪದಕ್ಕೂ ಅಷ್ಟು ಖಾರವಿಲ್ಲ.

ಮೊನ್ನೆ ಅವರ ಕ್ಲಾಸಿನ ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ಎಲ್ಲರೂ ಎರಡೆರಡು ಮಾತಾಡಬೇಕು, ಇಂಗ್ಲಿಷಿನಲ್ಲಿ. ಕೊನೆಗೆ ಎದ್ದವನು ಈರುಳ್ಳಿ ಹುಡುಗ. ಗುರುಗಳ ಉಪಕಾರಕ್ಕೆ ತಾನು ಎಷ್ಟು ಆಭಾರಿ ಎಂಬುದನ್ನು ಕನ್ನಡದಲ್ಲಿ ಬರೆದು, ತನಗೆ ಗೊತ್ತಿದ್ದ ಹತ್ತಿರದ ಪದಕ್ಕೆ ತಿರುಗಿಸಿಕೊಂಡು ಬಂದಿದ್ದ. ಕಣ್ಣಲ್ಲಿ ನೀರು. ಎರಡೂ ಕೈ ಮುಗಿದು ಮೇಷ್ಟ್ರ ಕಡೆ ತಿರುಗಿ, “ಸಾರ್, ಐ ಅಬ್‌ಹಾರ್ ಯು. ಮೈ ಫಾದರ್ ಆಲ್ಸೋ ಅಬ್‌ಹಾರ್ ಯು. ಹೋಲ್ ಫ್ಯಾಮಿಲಿ ಅಬ್‌ಹಾರ್ ಯು” ಎಂದ.

ಚಪ್ಪಾಳೆ ಜೋರಾಗಿಯೇ ಬಿತ್ತು. ಬಾಗಿಲಲ್ಲಿ ಖಾರಾಬೂಂದಿ ತಟ್ಟೆ ಹಿಡಿದು ನಿಂತಿದ್ದ ಬೇಕರಿ ಹುಡುಗ ಮಾತ್ರ ನಾಲಿಗೆ ಕಚ್ಚಿಕೊಂಡ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹುಡುಗನ ಬೆನ್ನು ತಟ್ಟಿ ಸರ್ಟಿಫಿಕೇಟ್ ಕೊಟ್ಟರು.

“ಉಚ್ಚಾರ ಚೆನ್ನಾಗಾಗೈತೆ. ಹೆಚ್‌ಗೆ ಇನ್ನೊಂಚೂರು ಉಸಿರು ಕೊಡು.”