‘ನಿಂತ ಕಾಲಿಗೇ ನಮ್ಮ ಬಹುಮಾನ’: ಓಟದ ದಾರಿಯ ಇಂಬಳದೊಂದಿಗೆ ಮಾತುಕತೆ

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವೆ ಒಂದಷ್ಟು ಗೆಳೆಯರು ಸೇರಿ ಮಳೆಗಾಲದ ಕೊನೆಯಲ್ಲಿ, ಅರೇಬಿಕಾ ಕೊಯ್ಲು ಶುರುವಾಗುವ ಮುನ್ನ, ಒಂದು ಓಟ ಇಟ್ಟುಕೊಂಡಿದ್ದಾರೆ. 10 ಕಿಲೋಮೀಟರ್. ಶುಲ್ಕವಿಲ್ಲ, ಟೀ ಶರ್ಟ್ ಇಲ್ಲ. ಮುಗಿಸಿದವರಿಗೆ ಚಿತ್ರಾನ್ನ, ಕಾಫಿ. ಓಡಿದವರನ್ನು ಮಾತಾಡಿಸಲು ಹೋದರೆ ಎಲ್ಲರೂ ತಂತಮ್ಮ ಮಂಡಿಯ ಕಥೆಯನ್ನೇ ಹೇಳಿದರು. ಹಾಗಾಗಿ ದಾರಿಯುದ್ದಕ್ಕೂ ಹಾಜರಿದ್ದವರನ್ನೇ ಹುಡುಕಿಕೊಂಡು ಹೋದೆವು. ಸಿಲ್ವರ್ ಓಕ್ ಮರದ ಬುಡದಲ್ಲಿ, ಒದ್ದೆ ತರಗೆಲೆಯ ಮೇಲೆ ಹಿಂಬದಿಯನ್ನು ಊರಿ, ಮುಂದಿನ ಅರ್ಧ ಮೈಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸುತ್ತ ಇಂಬಳ ಸಿದ್ಧವಾಗಿತ್ತು. ನಾವು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತೆವು.

ಪ್ರಶ್ನೆ: ನಮಸ್ಕಾರ. ತಮ್ಮನ್ನು ಅಣ್ಣ ಅನ್ನಬೇಕೋ, ಅಕ್ಕ ಅನ್ನಬೇಕೋ?

ಇಂಬಳ: ಏನಾದರೂ ಅನ್ನಿ ಸ್ವಾಮಿ. ನಮ್ಮಲ್ಲಿ ಪ್ರತಿಯೊಬ್ಬರೂ ಗಂಡೂ ಹೌದು, ಹೆಣ್ಣೂ ಹೌದು. ಪುರುಷರ ವಿಭಾಗ, ಮಹಿಳೆಯರ ವಿಭಾಗ, ಐವತ್ತು ದಾಟಿದವರ ವಿಭಾಗ, ಪತ್ರಕರ್ತರ ವಿಭಾಗ ಅಂತ ಮಾಡಿ ಬಂದವರಿಗೆಲ್ಲ ಒಂದೊಂದು ಕಪ್ ಹಂಚುವ ತಾಪತ್ರಯ ನಮಗಿಲ್ಲ.

ಪ್ರಶ್ನೆ: ಓಟದಲ್ಲಿ ತಮ್ಮ ಜವಾಬ್ದಾರಿ ಏನು?

ಇಂಬಳ: ಸ್ವಯಂಸೇವೆ. ಉಳಿದವರು ಬೆಳಗ್ಗೆ ಐದಕ್ಕೆ ಆಕಳಿಸುತ್ತ ಬರುತ್ತಾರೆ. ನಾವು ಮೊದಲ ಮಳೆಯಿಂದಲೇ ಹಾಜರು. ಐದು ಜೊತೆ ಕಣ್ಣಿದೆ. ನೆಲ ಅದುರಿದರೆ ಗೊತ್ತಾಗುತ್ತದೆ, ನೀವು ಬಿಟ್ಟ ಉಸಿರಿನ ಸುಳಿವು ಸಿಗುತ್ತದೆ. ಕೈಗಡಿಯಾರ ನೋಡಿಕೊಂಡು ‘ಇವತ್ತು ಆರಾಮಾಗಿ ಓಡಿದೆ’ ಅನ್ನುವವರ ಏದುಸಿರು ಎಷ್ಟಿತ್ತು ಅಂತ ನಮ್ಮನ್ನು ಕೇಳಿ.

ಪ್ರಶ್ನೆ: ಮೊದಲ ಸ್ಥಾನ ಬಂದವರ ಬಗ್ಗೆ ಏನನ್ನುತ್ತೀರಿ?

ಇಂಬಳ: ಪರಿಚಯವೇ ಆಗಲಿಲ್ಲ. ಮುಂದೆ ಹೋದವರು ನಮ್ಮನ್ನು ಎಬ್ಬಿಸಿ ಹೋಗುತ್ತಾರೆ, ನಾವು ಹತ್ತುವುದು ಹಿಂದೆ ಬಂದವರಿಗೆ. ಮಲೆನಾಡಿನವರಿಗೆ ಇದು ಚೆನ್ನಾಗಿ ಗೊತ್ತು. ನೆಂಟರಿಗೆ ತೋಟ ತೋರಿಸುವಾಗ ಮನೆ ಯಜಮಾನರು ‘ದಾರಿ ತೋರಿಸ್ತೀನಿ ಬನ್ನಿ’ ಅಂತ ತಾವೇ ಮುಂದಾಗುವುದು ಬರೀ ಮರ್ಯಾದೆಗಲ್ಲ.

ಪ್ರಶ್ನೆ: ನೀವು ಓಟಕ್ಕೆ ಅಡ್ಡಿ ಎಂಬ ದೂರಿದೆಯಲ್ಲ?

ಇಂಬಳ: ಯಾರು ಹೇಳಿದ್ದು? ಓಡುವ ಕಾಲು ನಮ್ಮ ಕೈಗೆ ಸಿಗುವುದು ಅಪರೂಪ. ನಮಗೆ ನಿಂತ ಕಾಲು ಬೇಕು. ಯಾರು ಎಲ್ಲಿ, ಯಾಕೆ ನಿಂತರು ಎಂಬ ಲೆಕ್ಕ ನಮ್ಮ ಬಳಿ ಮಾತ್ರ ಇದೆ. ಬ್ಯಾಂಕಿನವರೊಬ್ಬರು ಗೆಳೆಯನ ಶೂ ಲೇಸು ಬಿಚ್ಚಿತೆಂದು ನಿಂತರು. ಲೇಸು ಕಟ್ಟುವವನ ಪಕ್ಕ ನಿಂತು ‘ಬೇಗ ಕಟ್ಟೋ’ ಅಂದದ್ದಷ್ಟೇ ಅವರ ಸೇವೆ. ಅದಕ್ಕೆ ಎರಡು ಕಡಿತ. ಹೈಸ್ಕೂಲು ಮೇಷ್ಟ್ರೊಬ್ಬರು ಕೊನೆಯವರ ಜೊತೆಗೇ ಬಂದರು. ಅಡಿಕೆ ಮರದ ಸಂಕ ದಾಟಲು ಹೆದರಿದ ಹೆಂಗಸಿನ ಕೈ ಹಿಡಿದು ಆ ದಡ ಮುಟ್ಟಿಸಿದರು. ಆಮೇಲೆ ಆಕೆಯ ಚಪ್ಪಲಿಯಂಥ ಶೂ ನೀರಿಗೆ ಬಿತ್ತು, ಅದನ್ನು ಕೋಲಿನಲ್ಲಿ ಎಳೆದರು. ಸಾಕ್ಸ್ ಬಿಚ್ಚಿದಾಗ ಹನ್ನೊಂದು ಕಡೆ ರಕ್ತ. ನನ್ನನ್ನು ಕೇಳಿದರೆ ಆ ದಿನದ ವಿಜೇತರು ಮೇಷ್ಟ್ರು. ಫಲಿತಾಂಶದ ಹಾಳೆಯಲ್ಲಿ ಅವರು ಕೊನೆಯಿಂದ ಎರಡನೆಯವರು.

ಪ್ರಶ್ನೆ: ಯಾರೂ ಅಡ್ಡದಾರಿ ಹಿಡಿಯಲಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ? ಚಿಪ್ಪಿಲ್ಲ, ಕ್ಯಾಮೆರಾ ಇಲ್ಲ.

ಇಂಬಳ: ಒಂಟಿಕೊಪ್ಪಲ್ ಪಂಚಾಂಗ ಇದೆ. ಕಳೆದ ವರ್ಷದ್ದು. ಅರ್ಧದಾರಿಯ ಹಲಸಿನ ಮರಕ್ಕೆ ದಾರದಲ್ಲಿ ಕಟ್ಟಿರುತ್ತಾರೆ, ಪ್ರತಿಯೊಬ್ಬರೂ ತಮ್ಮ ನಂಬರಿನ ಪುಟ ಹರಿದು ತರಬೇಕು. ಅಮೆರಿಕದ ಟೆನೆಸ್ಸಿಯಲ್ಲಿ 1986ರಿಂದ ಬಾರ್ಕ್ಲಿ ಮ್ಯಾರಥಾನ್ ಅಂತ ಒಂದು ನಡೆಯುತ್ತಿದೆಯಂತೆ. ಅಲ್ಲಿ ಕಾಡಿನೊಳಗೆ ಪುಸ್ತಕ ಬಚ್ಚಿಟ್ಟು ಪುಟ ಹರಿಸುತ್ತಾರೆ, ಶುಲ್ಕ 1.60 ಡಾಲರ್. ಗಡುವು 60 ಗಂಟೆ. 2024ರಲ್ಲಿ ಜಾಸ್ಮಿನ್ ಪ್ಯಾರಿಸ್ ಎಂಬಾಕೆ 99 ಸೆಕೆಂಡು ಬಾಕಿ ಇರುವಾಗ ಮುಗಿಸಿ, ಅದನ್ನು ಪೂರೈಸಿದ ಮೊದಲ ಹೆಂಗಸಾದರು. ಇದೆಲ್ಲ ಒಬ್ಬರ ಪಾದದ ಮೇಲೆ ಕೂತು ಕೇಳಿದ್ದು. ಇಲ್ಲಿ ಅಂಥ ಗಡುವಿಲ್ಲ. ಚಿತ್ರಾನ್ನದ ತಳ ಕಂಡರೆ ಅದೇ ಗಡುವು. ಆದರೆ ಒಬ್ಬರು ತಮಗೆ ಸಿಕ್ಕ ಪುಟದಲ್ಲಿ ಪ್ರಯಾಣಕ್ಕೆ ದಿನ ಒಳ್ಳೆಯದಿಲ್ಲ ಅಂತ ಇದೆಯೆಂದು ಅಲ್ಲೇ ಕೂತುಬಿಟ್ಟರು. ನಮಗೆ ಹಬ್ಬ.

ಪ್ರಶ್ನೆ: ಒಳ್ಳೆಯ ಊಟವಾಯಿತು ಅನ್ನಿ.

ಇಂಬಳ: ಒಮ್ಮೆ ಹೊಟ್ಟೆ ತುಂಬಿದರೆ ನಮಗೆ ತಿಂಗಳುಗಟ್ಟಲೆ ಸಾಕು. ನಾಲ್ಕು ಕಿಲೋಮೀಟರಿಗೊಂದು ಜೆಲ್ ಪೊಟ್ಟಣ ಹೀರಿ ಸಿಪ್ಪೆಯನ್ನು ಏಲಕ್ಕಿ ಗಿಡಕ್ಕೆ ಎಸೆಯುವವರು ನಮ್ಮನ್ನು ರಕ್ತ ಹೀರುವವರು ಅನ್ನುತ್ತಾರೆ.

ಪ್ರಶ್ನೆ: ಮುಂದಿನ ವರ್ಷ ಓಟವನ್ನು ದೊಡ್ಡದು ಮಾಡುವ ಮಾತಿದೆ. ಪ್ರಾಯೋಜಕರು, ಪದಕ, ಶಾಸಕರಿಂದ ಚಾಲನೆ...

ಇಂಬಳ: (ಮೈ ನೆಟ್ಟಗೆ ಮಾಡಿ) ದಯವಿಟ್ಟು ಮಾಡಿ! ನಮ್ಮ ಸಮಾಜದ ಪರವಾಗಿ ಸಂಪೂರ್ಣ ಬೆಂಬಲ. ಪ್ರಾರ್ಥನೆ, ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಗಣ್ಯರಿಗೆ ಶಾಲು, ಹಾರ, ಏಲಕ್ಕಿ ಮಾಲೆ. ಆರು ಗಂಟೆಯ ಓಟಕ್ಕೆ ಗಣ್ಯರು ಏಳೂಮುಕ್ಕಾಲಿಗೆ ಬರುತ್ತಾರೆ. ಅಲ್ಲಿಯವರೆಗೆ ಮುನ್ನೂರು ಜೊತೆ ಕಾಲು ಒದ್ದೆ ಹುಲ್ಲಿನ ಮೇಲೆ ನಿಂತಿರುತ್ತದೆ. ವಂದನಾರ್ಪಣೆಯ ಹೊತ್ತಿಗೆ ನಮ್ಮ ಮರಿಗಳಿಗೂ ಊಟವಾಗಿರುತ್ತದೆ.

ಪ್ರಶ್ನೆ: ಹಾಗಾದರೆ ಈಗಿನ ಸಣ್ಣ ಓಟಕ್ಕಿಂತ ಅದೇ ವಾಸಿ?

ಇಂಬಳ: ಹೊಟ್ಟೆಗೆ ವಾಸಿ. ಆದರೆ ನಿಂತ ಕಾಲುಗಳ ಲೆಕ್ಕ ಬರೆಯುವ ಕೆಲಸದಲ್ಲಿ ಸ್ವಾರಸ್ಯ ಹೋಗುತ್ತದೆ. ಅಲ್ಲಿ ಎಲ್ಲರೂ ಶಾಸಕರಿಗಾಗಿಯೇ ನಿಂತವರು. ಸಂಕದ ಹತ್ತಿರ ನಿಲ್ಲಲು ಮೇಷ್ಟ್ರಿಗೆ ಪುರುಸೊತ್ತು ಇರುವುದಿಲ್ಲ, ಅವರು ಪಾರ್ಕಿಂಗ್ ಸಮಿತಿಯ ಸಂಚಾಲಕರಾಗಿರುತ್ತಾರೆ.

ಪ್ರಶ್ನೆ: ಕಾಡಿನೊಳಗೇ ಓಡಿಸುವ ಆಸೆಯೂ ಕೆಲವರಿಗಿದೆ.

ಇಂಬಳ: ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಈಗಿನವರು ತೋಟದ ದಾರಿ ಹಿಡಿದದ್ದು, ತೋಟದವರನ್ನು ಕೇಳಿಯೇ ಹಿಡಿದದ್ದು, ಬುದ್ಧಿವಂತಿಕೆ. ಆನೆಯವರು ನಮ್ಮಷ್ಟು ಸಮಾಧಾನಿಗಳಲ್ಲ.

ಪ್ರಶ್ನೆ: ಜಿಗಣೆಗಳಿಗೆ ಆಯುರ್ವೇದದಲ್ಲಿ ಗೌರವವಿದೆ. ನಿಮಗೆ?

ಇಂಬಳ: ಅವರು ಕೆರೆ ಕಡೆಯ ದಾಯಾದಿಗಳು. ಸುಶ್ರುತ 12 ಬಗೆ ಹೇಳಿ, 6 ವಿಷದವು, 6 ನಿರ್ವಿಷ ಅಂತ ಪಂಕ್ತಿಭೇದ ಮಾಡಿಟ್ಟ. ಅಂದಿನಿಂದ ಅವರ ಕಾಲು ನೆಲದ ಮೇಲಿಲ್ಲ. ಕಾಲೇ ಇಲ್ಲ ಅನ್ನುವುದು ಬೇರೆ ಮಾತು.

ಪ್ರಶ್ನೆ: ಮುಂದಿನ ಸಲ ಓಡಲು ಬರುವವರಿಗೆ ಏನು ಹೇಳುತ್ತೀರಿ?

ಇಂಬಳ: ಉಪ್ಪು, ಸುಣ್ಣ, ಹೊಗೆಸೊಪ್ಪು, ಬೆಂಕಿಕಡ್ಡಿ ಯಾವುದನ್ನೂ ತರಬೇಡಿ. ಗಾಬರಿಯಾದರೆ ನಾವು ಕುಡಿದದ್ದನ್ನೆಲ್ಲ ಗಾಯಕ್ಕೇ ಕಕ್ಕುತ್ತೇವೆ, ನಿಮಗೇ ಕೆಟ್ಟದ್ದು. ಉಗುರನ್ನು ನಮ್ಮ ಬಾಯಿಯ ಪಕ್ಕದಲ್ಲಿ ಮೆಲ್ಲಗೆ ಸರಿಸಿ, ಬಿಟ್ಟುಬಿಡುತ್ತೇವೆ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಹೆದರಬೇಡಿ. ದಾರಿ ತೋರಿಸಲು ಕಟ್ಟಿದ ಕೆಂಪು ರಿಬ್ಬನ್ನುಗಳನ್ನು ಅದೇ ದಿನ ಬಿಚ್ಚಿಕೊಂಡು ಹೋಗಿ. ಮತ್ತೆ, ಮೇಷ್ಟ್ರು ತಲುಪುವ ಹೊತ್ತಿಗೆ ಪಾತ್ರೆ ಖಾಲಿಯಾಗಿತ್ತು. ಮುಂದಿನ ವರ್ಷ ಎರಡು ತಟ್ಟೆ ಚಿತ್ರಾನ್ನ ಮೊದಲೇ ಎತ್ತಿಡಿ.