ಹಳೆಯ ಜಾಗ್ವಾರಿಗೆ ತಂಗಾಳಿ ಸೇವೆ

ಕೋಲ್ಡ್ ಏರ್ ಇನ್‌ಟೇಕ್ ಎಂಬುದು ಕಾರಿನ ಎಂಜಿನ್ನಿಗೆ ಹೊರಗಿನ ತಣ್ಣನೆಯ ಗಾಳಿಯನ್ನು ಧಾರಾಳವಾಗಿ ಒದಗಿಸುತ್ತದೆಂದು ಹೇಳಿ ಮಾರುವ ಒಂದು ಕೊಳವೆ. ಅದರ ಒಂದು ತುದಿಗೆ ಶಂಕುವಿನಾಕಾರದ ಏರ್ ಫಿಲ್ಟರ್, ಇನ್ನೊಂದು ತುದಿಗೆ ರಬ್ಬರ್ ತೋಳು, ನಡುವೆ ಹೊಳಪು ಕೊಟ್ಟ ಅಲ್ಯೂಮಿನಿಯಂ. ಜೊತೆಗೆ ನಾಲ್ಕಾರು ಕ್ಲಾಂಪುಗಳು ಮತ್ತು ಒಂದು ಸ್ಟಿಕರ್. ಸ್ಟಿಕರೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕಾರಿನಲ್ಲಿ ಮೊದಲೇ ಇರುತ್ತದೆ, ಕಪ್ಪು ಪ್ಲಾಸ್ಟಿಕ್ಕಿನ ರೂಪದಲ್ಲಿ.

ಹೊಸ ಕಾರಿಗೆ ಇದನ್ನು ಹಾಕಿಸಲು ಮಾಲೀಕರಿಗೆ ವಾರಂಟಿಯ ಭಯ. ತೀರಾ ಹಳೆಯ ಕಾರಿಗೆ ಹಾಕಿಸಿದರೆ ವಿಂಟೇಜ್ ಪ್ರಿಯರ ಶಾಪ. ಇವೆರಡಕ್ಕೂ ಸಿಗದ ನಡುಪ್ರಾಯದ ಕಾರುಗಳಿವೆ: ಹೊಸದಿದ್ದಾಗ ಸಿರಿವಂತರಷ್ಟೇ ಕೊಳ್ಳುತ್ತಿದ್ದಂಥವು, ಈಗ ಸಾಧಾರಣ ಸೆಡಾನಿನ ಬೆಲೆಗೆ ಕೈಗೆಟುಕುವಂಥವು. ಕೊಂಡವನಿಗೆ ಕಾರಿನ ಬೆಲೆಯಲ್ಲಿ ಉಳಿಸಿದ ದುಡ್ಡನ್ನು ಕಾರಿಗೇ ಖರ್ಚು ಮಾಡುವ ಹುಮ್ಮಸ್ಸು ಇರುತ್ತದೆ. ಇನ್‌ಟೇಕ್ ಕೊಳವೆಗೆ ಇದಕ್ಕಿಂತ ಫಲವತ್ತಾದ ನೆಲ ಬೇರೆ ಇಲ್ಲ.

ಜಾಗ್ವಾರ್ ಎಕ್ಸ್‌ಕೆ8 ಈ ಜಾತಿಯ ಒಳ್ಳೆಯ ಮಾದರಿ. 1996ರ ಜಿನೀವಾ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, ಎಕ್ಸ್‌ಜೆಎಸ್‌ನ ಉತ್ತರಾಧಿಕಾರಿಯಾಗಿ 2005ರವರೆಗೆ ತಯಾರಾಯಿತು. ಜಾಗ್ವಾರ್ ಈಗ ಟಾಟಾ ಮನೆಯ ಸೊತ್ತಾದರೂ ಆ ಖರೀದಿ ನಡೆದದ್ದು 2008ರಲ್ಲಿ. ಎಕ್ಸ್‌ಕೆ8 ಫೋರ್ಡ್ ಒಡೆತನದ ಕಾಲದ ಕೂಸು. ಕಾರು ಕವೆಂಟ್ರಿಯದು, ಎಂಜಿನ್ ವೇಲ್ಸ್‌ನ ಬ್ರಿಡ್ಜೆಂಡಿನದು. ಕಂಪನಿಯ ಮೊತ್ತಮೊದಲ ವಿ8 ಎಂಜಿನ್ ಇದೇ: 3996 ಸಿ.ಸಿ., 290 ಅಶ್ವಶಕ್ತಿ, ಗಂಟೆಗೆ 250 ಕಿಲೋಮೀಟರಿಗೆ ಎಲೆಕ್ಟ್ರಾನಿಕ್ ಲಗಾಮು. ಇಷ್ಟು ಶಕ್ತಿ ಸಾಲದೆಂದು ಮಾಲೀಕನಿಗೆ ಅನ್ನಿಸುವುದು ಸಾಮಾನ್ಯವಾಗಿ ರಾತ್ರಿ ಹನ್ನೊಂದರ ನಂತರ, ಕ್ಯಾಟಲಾಗ್ ನೋಡುತ್ತಿರುವಾಗ.

ಗಾಳಿಯ ಲೆಕ್ಕ ಮಾತ್ರ ನಿಜಕ್ಕೂ ಬೆರಗಿನದು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. ನಾಲ್ಕು ಲೀಟರಿನ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ 12,000 ಲೀಟರ್ ಗಾಳಿ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಂದನ್ನು ಎರಡೂವರೆ ನಿಮಿಷದೊಳಗೆ ಬರಿದು ಮಾಡುವಷ್ಟು ಹಸಿವು ಅದು. ಪೆಟ್ರೋಲಿನ ಕಡೆಯಿಂದ ನೋಡಿದರೂ ಅಷ್ಟೇ: ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಅಂದರೆ ಬಂಕಿನಲ್ಲಿ ಒಂದು ಲೀಟರ್ ಪೆಟ್ರೋಲು ಹಾಕಿಸಿದವನು ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿಗೂ ಒಪ್ಪಂದ ಮಾಡಿಕೊಂಡಂತಾಯಿತು. ಗಾಳಿಗೆ ಇನ್ನೂ ಬಿಲ್ಲು ಬರುತ್ತಿಲ್ಲ ಎಂಬುದೊಂದು ಸಮಾಧಾನ.

ತಣ್ಣನೆಯ ಗಾಳಿ ಏಕೆ ಮೇಲು ಎಂಬುದು ಹೈಸ್ಕೂಲಿನ ವಿಜ್ಞಾನ. ಕಾದ ಗಾಳಿ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ಆಮ್ಲಜನಕ ಕಡಿಮೆ ಕೂರುತ್ತದೆ. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ನೂರಕ್ಕೆ ಒಂಬತ್ತರಷ್ಟು ಇಳಿಯುತ್ತದೆ. ಎತ್ತರದಿಂದಲೂ ಇದೇ ಪೆಟ್ಟು ಬೀಳುತ್ತದೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆ. ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಘಾಟಿ ಹತ್ತುವಷ್ಟರಲ್ಲಿ ಅಷ್ಟು ಉಸಿರನ್ನು ಕಳೆದುಕೊಂಡಿರುತ್ತದೆ. ಅದನ್ನು ಮರಳಿ ಕೊಡುವ ಕೊಳವೆ ಯಾವ ಅಂಗಡಿಯಲ್ಲೂ ಇಲ್ಲ. ಗಾಡಿಯನ್ನು ಶಿರಾಡಿ ಘಾಟಿ ಇಳಿಸಿದರೆ ತಾನಾಗಿ ಬರುತ್ತದೆ.

ಸಿದ್ಧಾಂತದಲ್ಲಿ ದೋಷವಿಲ್ಲ. ತೊಡಕಿರುವುದು ಬೇರೆ ಕಡೆ: ಕಾರಿನ ಎಂಜಿನಿಯರುಗಳೂ ಹೈಸ್ಕೂಲು ಓದಿದ್ದರು. ಕಂಪನಿಯ ಮೂಲ ಫಿಲ್ಟರ್ ಡಬ್ಬಿ ಎಂಜಿನ್ನಿನ ಬಿಸಿಯಿಂದ ದೂರವಿರುವ ಜಾಗದಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಅದರ ಗೋಡೆಗಳು ಬಿಸಿಯನ್ನು ಹೊರಗಿಡುತ್ತವೆ, ಮುಚ್ಚಳ ಬಿಗಿಯಾಗಿ ಕೂರುತ್ತದೆ. ನೋಡಲು ಟಿಫಿನ್ ಕ್ಯಾರಿಯರಿನಷ್ಟೂ ಚೆಂದವಿಲ್ಲ ಎಂಬುದೊಂದೇ ಅದರ ಕೊರತೆ. ಅದನ್ನು ಕಿತ್ತು, ಬಾನೆಟ್ಟಿನ ಕೆಳಗೆ ಬಯಲಾಗಿ ನಿಲ್ಲುವ ಶಂಕು ಫಿಲ್ಟರನ್ನು ಹಾಕಿದರೆ ಅದು ಕುಡಿಯುವುದು ರೇಡಿಯೇಟರಿನ ಬೆನ್ನ ಹಿಂದಿನ ಗಾಳಿಯನ್ನು. ಕಾರು ಓಡುತ್ತಿರುವಾಗ ಹೊರಗಾಳಿ ನುಗ್ಗಿ ಪರಿಸ್ಥಿತಿ ಸುಧಾರಿಸೀತು. ಸಿಗ್ನಲ್ಲಿನಲ್ಲಿ ನಿಂತಾಗ ಬಾನೆಟ್ಟಿನಡಿಯ ಬಿಸಿ ಹೊರಗಿನದನ್ನು ಹತ್ತಾರು ಡಿಗ್ರಿ ಮೀರಿರುತ್ತದೆ. ಹೆಸರಿಗೆ ಕೋಲ್ಡ್ ಏರ್, ಕುಡಿಸುವುದು ಬಿಸಿಗಾಳಿ. ಒಳ್ಳೆಯ ಕಿಟ್ಟುಗಳಲ್ಲಿ ಇದಕ್ಕೆಂದೇ ಲೋಹದ ಅಡ್ಡತಟ್ಟೆಯೊಂದು ಬರುತ್ತದೆ. ಆ ತಟ್ಟೆಗೆ ಇನ್ನೂ ಮೂರು ಗೋಡೆ, ಒಂದು ಮುಚ್ಚಳ ಸೇರಿಸಿದರೆ ಕಂಪನಿಯ ಡಬ್ಬಿಯೇ ಮರಳಿ ಸಿದ್ಧವಾಗುತ್ತದೆ.

ಮೂಲ ಡಬ್ಬಿ ನಿಜವಾಗಿಯೂ ಎಂಜಿನ್ನಿನ ಉಸಿರು ಕಟ್ಟಿಸುತ್ತಿದೆಯೇ ಎಂದು ತಿಳಿಯಲು ಅಗ್ಗದ ದಾರಿಯೊಂದಿದೆ. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ‘ಯು’ ಆಕಾರದಲ್ಲಿ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರಿನ ನಂತರದ ಕೊಳವೆಗೆ ಸೇರಿಸಿ, ಇನ್ನೊಂದನ್ನು ತೆರೆದು ಬಿಡಬೇಕು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಂಜಿನ್ ಗರಿಷ್ಠ ಸುತ್ತಿಗೆ ಬಂದಾಗ ಎರಡು ಕಡೆಯ ನೀರಿನ ಮಟ್ಟದಲ್ಲಿ ಎಷ್ಟು ವ್ಯತ್ಯಾಸ ಎಂದು ಪಕ್ಕದಲ್ಲಿ ಕೂತವರು ನೋಡಬೇಕು. ವಾತಾವರಣದ ಒತ್ತಡ ಸುಮಾರು ಸಾವಿರ ಸೆಂಟಿಮೀಟರ್ ನೀರಿಗೆ ಸಮ. ವ್ಯತ್ಯಾಸ 25 ಸೆಂಟಿಮೀಟರ್ ಬಂತು ಎನ್ನೋಣ. ಆಗ ನಷ್ಟ ನೂರಕ್ಕೆ ಎರಡೂವರೆ. ಇಡೀ ಫಿಲ್ಟರ್ ವ್ಯವಸ್ಥೆಯನ್ನೇ ಕಿತ್ತೆಸೆದರೂ 290ರಲ್ಲಿ ದಕ್ಕುವುದು ಏಳು ಅಶ್ವಶಕ್ತಿ. ಅದೂ ಆಕ್ಸಿಲರೇಟರ್ ತಳ ಮುಟ್ಟಿದಾಗ ಮಾತ್ರ; ಅರ್ಧ ಒತ್ತಿದಾಗ ಗಾಳಿಗೆ ಅಡ್ಡ ನಿಂತಿರುವುದು ಥ್ರಾಟಲಿನ ತಟ್ಟೆಯೇ ಹೊರತು ಫಿಲ್ಟರ್ ಅಲ್ಲ. ಈ ಪರೀಕ್ಷೆಗೆ ತಗಲುವುದು ಒಂದಿಷ್ಟು ನಳಿಕೆಯ ಖರ್ಚು. ಆದ್ದರಿಂದಲೇ ಇರಬೇಕು, ಮಾಲೀಕರು ಇದನ್ನು ಮಾಡಿ ನೋಡುವುದು ಅಪರೂಪ.

ಇನ್ನು ಜೋಡಣೆ. ಪೆಟ್ಟಿಗೆಯೊಳಗಿನ ಕಾಗದ ಇದನ್ನು ಅರ್ಧ ಗಂಟೆಯ ಕೆಲಸ ಎನ್ನುತ್ತದೆ. ಹಾಗೆ ಬರೆದವರ ಮುಂದಿದ್ದದ್ದು ಹೊಸ ಕಾರು. ಇಪ್ಪತ್ತೈದು ವರ್ಷ ಎಂಜಿನ್ನಿನ ಕಾವಿನಲ್ಲಿ ಬೆಂದ ಪ್ಲಾಸ್ಟಿಕ್ ಹಪ್ಪಳದ ಗುಣವನ್ನು ಪಡೆದಿರುತ್ತದೆ. ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಬೇಕು. ಬಿಚ್ಚಿದ ಕೂಡಲೇ ಗಡಿಯಾರ ನಿಂತುಬಿಡುತ್ತದೆ, ಆ ಕಾಲದ ರೇಡಿಯೊ ಕಳ್ಳನ ಕೈಗೆ ಸಿಕ್ಕೆನೆಂದು ತಿಳಿದು ಮೂಕವಾಗುತ್ತದೆ. ಅದರ ಮೌನ ಮುರಿಯುವ ಗುಪ್ತಸಂಖ್ಯೆಯ ಚೀಟಿ ಕಾರಿನ ಹಿಂದಿನ ಮಾಲೀಕರಲ್ಲಿ ಯಾರದೋ ಮನೆಯ ಮೇಜಿನ ಖಾನೆಯಲ್ಲಿ ಇರುತ್ತದೆ. ಆಮೇಲೆ ಗಾಳಿ ಅಳೆಯುವ ಸೆನ್ಸರಿನ ಪ್ಲಗ್ ತೆಗೆಯಬೇಕು. ಅದರ ಕೊಂಡಿ ಮೆಲ್ಲಗೆ ಒತ್ತಿದರೆ ಅಲುಗದು, ಜೋರಾಗಿ ಒತ್ತಿದರೆ ಕೈಗೇ ಬರುತ್ತದೆ. ಕ್ಲಾಂಪು ಸಡಿಲಿಸಿ, ಎಂಜಿನ್ನಿನೊಳಗಿನ ಹೊಗೆಯನ್ನು ಮರಳಿ ಒಳಹೋಗುವ ಗಾಳಿಗೆ ಸೇರಿಸುವ ಬ್ರೀದರ್ ಪೈಪನ್ನು ಕಳಚಬೇಕು. ಇಷ್ಟರೊಳಗೆ 10 ಎಂ.ಎಂ. ಸಾಕೆಟ್ ಕಾಣೆಯಾಗಿರುತ್ತದೆ. ಸ್ಕ್ರೂ ಒಂದು ಕೈ ಜಾರಿ ಎಂಜಿನ್ನಿನ ಸಂದಿಗಳಲ್ಲಿ ಟಣ್ ಟಣ್ ಎಂದು ಇಳಿಯುತ್ತ ಹೋಗುತ್ತದೆ. ನೆಲಕ್ಕೆ ಬಿದ್ದ ಸದ್ದು ಮಾತ್ರ ಬರುವುದಿಲ್ಲ. ಕೆಳಗಿನ ಅಂಡರ್‌ಟ್ರೇ ಅದನ್ನು ಜೋಪಾನವಾಗಿ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಬಿಚ್ಚುವುದು ಬೇರೆಯೇ ಒಂದು ಭಾನುವಾರದ ಕೆಲಸ.

ಈ ಇಡೀ ವ್ಯವಸ್ಥೆಯ ಮಡಿವಂತ ಭಾಗವೆಂದರೆ ಆ ಗಾಳಿ ಅಳೆಯುವ ಸೆನ್ಸರ್, ಮೆಕ್ಯಾನಿಕ್‌ಗಳ ಬಾಯಲ್ಲಿ ಮಾಫ್. ಅದರೊಳಗೆ ವಿದ್ಯುತ್ತಿನಿಂದ ಕಾದ ಎಳೆಯೊಂದಿದೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಕಾವು ಇಳಿಯದಂತೆ ನೋಡಿಕೊಳ್ಳಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಎಷ್ಟು ಗಾಳಿ ಹೋಯಿತೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಈ ಲೆಕ್ಕ ಕೂಡಿ ಬರುವುದು ಮೂಲ ಕೊಳವೆಯ ಅಗಲಕ್ಕೆ, ಮೂಲ ತಿರುವುಗಳಿಗೆ. ಹೊಸ ಕೊಳವೆಯ ಬಾಯಿ ದೊಡ್ಡದಾದರೆ ಅಷ್ಟೇ ಗಾಳಿ ನಿಧಾನವಾಗಿ ಹರಿದು ಸೆನ್ಸರಿಗೆ ಕಡಿಮೆ ಎಂದು ತೋರುತ್ತದೆ. ಸೆನ್ಸರಿನ ಮುಂದೆಯೇ ಕೊಳವೆ ತಿರುಗಿದರೆ ಗಾಳಿ ಸುಳಿಸುಳಿಯಾಗಿ ಬಂದು ಎಳೆಯನ್ನು ಕಂಗೆಡಿಸುತ್ತದೆ. ಎಣ್ಣೆ ಹಚ್ಚಿ ಬಳಸುವ ಹತ್ತಿಬಟ್ಟೆಯ ಫಿಲ್ಟರಾದರೆ, ತೊಳೆದ ಮೇಲೆ ‘ಇರಲಿ’ ಎಂದು ಸುರಿದ ಹೆಚ್ಚುವರಿ ಎಣ್ಣೆ ಆ ಎಳೆಯ ಮೇಲೆ ಕೂತುಬಿಡಬಹುದು.

ಫಲಿತಾಂಶ ಡ್ಯಾಶ್‌ಬೋರ್ಡಿನ ಹಳದಿ ದೀಪದಲ್ಲಿ ಕಾಣಿಸುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0171, ಪಿ0174 ಎಂಬ ಎರಡು ಕೋಡ್‌ಗಳು ಜೋಡಿಯಾಗಿ ಬರುತ್ತವೆ. ವಿ8ರ ಎರಡೂ ಸಾಲಿಗೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು ಅವುಗಳ ಅರ್ಥ. ಎರಡೂ ಒಟ್ಟಿಗೆ ಬಂದರೆ ಸಂಶಯ ಪಡಬೇಕಾದದ್ದು ಸೆನ್ಸರನ್ನು, ಇಲ್ಲವೇ ಸೆನ್ಸರಿಗೂ ಥ್ರಾಟಲಿಗೂ ನಡುವೆ ಸರಿಯಾಗಿ ಬಿಗಿಯದ ಕ್ಲಾಂಪನ್ನು. ಆ ಸಂದಿಯಿಂದ ನುಗ್ಗುವುದು ಲೆಕ್ಕಕ್ಕೆ ಸಿಗದ ಗಾಳಿ. ಹೆಚ್ಚು ಗಾಳಿಗೆಂದು ದುಡ್ಡು ಕೊಟ್ಟ ಮಾಲೀಕನಿಗೆ ‘ಗಾಳಿ ಹೆಚ್ಚಾಯಿತು’ ಎಂದು ಕಾರೇ ಲಿಖಿತವಾಗಿ ದೂರು ಕೊಟ್ಟಂತೆ. ಸ್ಕ್ರೂಡ್ರೈವರಿನ ಎರಡು ತಿರುವಿನಲ್ಲಿ ಇದು ಸರಿಹೋಗಬಹುದು. ಇಲ್ಲದಿದ್ದರೆ ಮಾಫ್‌ಗೆಂದೇ ಸಿಗುವ ಸ್ಪ್ರೇಯಿಂದ ತೊಳೆಯಬೇಕು. ಬಟ್ಟೆ, ಬ್ರಷ್ಷುಗಳನ್ನು ಆ ಎಳೆಯ ಹತ್ತಿರ ತರಲೇಬಾರದು.

ಎಲ್ಲ ಸುಸೂತ್ರವಾಗಿ ಮುಗಿದು ಎಂಜಿನ್ ಸ್ಟಾರ್ಟ್ ಆದ ಮೇಲೆ ಮಾಲೀಕನಿಗೆ ಸಿಗುವ ನಿಜವಾದ ಲಾಭ ಸದ್ದು. ಮೂಲ ವ್ಯವಸ್ಥೆಯಲ್ಲಿ ಗಾಳಿಯ ಗುಟುರನ್ನು ಡಬ್ಬಿಯೂ ಅದರ ಮಗ್ಗುಲಿನ ರೆಸೊನೇಟರ್ ಕೋಣೆಗಳೂ ನುಂಗುತ್ತವೆ. ಚರ್ಮದ ಆಸನ, ವಾಲ್‌ನಟ್ ಮರದ ಹಲಗೆಯ ನಡುವೆ ಕೂತ ಗಿರಾಕಿಗೆ ಎಂಜಿನ್ ಇದೆಯೆಂಬ ಅರಿವೂ ಆಗಬಾರದೆಂದು ಕಂಪನಿ ಪಟ್ಟ ಪಾಡು ಅದು. ಮೂರನೆಯದೋ ನಾಲ್ಕನೆಯದೋ ಕೈಗೆ ಕಾರು ಬಂದಾಗ, ಹಾಗೆ ಅಡಗಿಸಿದ ಸದ್ದನ್ನು ದುಡ್ಡು ಕೊಟ್ಟು ಬಿಡಿಸಿ ತರಲಾಗುತ್ತದೆ. ಪೂರ್ತಿ ಥ್ರಾಟಲಿನಲ್ಲಿ ಅದು ಒಳ್ಳೆಯ ಸದ್ದೇ. ವಿ8ರ ಉಸಿರಾಟಕ್ಕೆ ಒಂದು ಗಾಂಭೀರ್ಯವಿದೆ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಕಿವಿಗೆ ಬಿದ್ದದ್ದನ್ನು ಬೆನ್ನು ವೇಗವೆಂದು ತಿಳಿಯುತ್ತದೆ. ‘ಕಾರು ಈಗ ಹೇಗೆ ನುಗ್ಗುತ್ತೆ ನೋಡು’ ಎಂದು ಮಾಲೀಕ ಸಂಭ್ರಮಿಸುವಾಗ, ಕಾರಿನಲ್ಲಿರುವುದು ಕ್ಯಾಲಿಫೋರ್ನಿಯಕ್ಕೆ ವಲಸೆ ಹೋದ ಕನ್ನಡ ಸಂಸಾರವಾಗಿದ್ದರೆ, ಪಕ್ಕದ ಆಸನದಿಂದ ಬರುವ ಮಾತು ಬೇರೆ: ‘ರೀ, ಏನೋ ಸದ್ದು ಬರ್ತಿದೆ. ಮೊದಲು ಗ್ಯಾರೇಜಿಗೆ ತೋರಿಸ್ರೀ.’ ಬ್ಯಾಟರಿಯ ವೈರು ಬಿಚ್ಚಿದ್ದರಿಂದ ಕಂಪ್ಯೂಟರ್ ಹಳೆಯ ಕಲಿಕೆ ಮರೆತು ಹೊಸದಾಗಿ ಕಲಿಯುತ್ತಿರುವುದೂ ಕೆಲವು ದಿನ ಕಾರಿನ ನಡತೆಯನ್ನು ಬದಲಿಸಬಹುದು. ಅದರ ಕೀರ್ತಿಯೂ ಕೊಳವೆಗೇ ಸಲ್ಲುತ್ತದೆ.

ಕಾರಿನ ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಹತ್ತಿಸಿ ನೋಡಿದರಾಯಿತಲ್ಲ ಎಂದರೆ, ಅಲ್ಲಿಯೂ ಎಚ್ಚರ ಬೇಕು. ಬಾನೆಟ್ ತೆರೆದು, ಎದುರಿಗೆ ದೊಡ್ಡ ಫ್ಯಾನ್ ಇಟ್ಟು ಅಳೆದಾಗ ಬಯಲು ಫಿಲ್ಟರಿಗೆ ಸಿಗುವ ಸುಖ ರಸ್ತೆಯ ಮೇಲೆ ಎಂದೂ ಸಿಗದು. ಒಂದೇ ಕಾರನ್ನು ಬೆನ್ನುಬೆನ್ನಿಗೆ ಎರಡು ಸಲ ಅಳೆದರೂ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಕೊಳವೆಯಿಂದ ಬಂತೆನ್ನುವ ಲಾಭವೂ ಹೆಚ್ಚುಕಡಿಮೆ ಅಷ್ಟೇ.

1998ರಲ್ಲಿ ಬಂದ, ಇದೇ ಕಾರಿನ ಹೆಚ್ಚು ಶಕ್ತಿಯ ರೂಪವಾದ ಎಕ್ಸ್‌ಕೆಆರ್‌ನ ಮಾತು ಕೊಂಚ ಬೇರೆ. ಅದರಲ್ಲಿ ಈಟನ್ ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ತುಂಬುತ್ತದೆ, ಶಕ್ತಿ 370ಕ್ಕೆ ಏರುತ್ತದೆ. ಬಾಯಿಯಲ್ಲಿನ ಅಡಚಣೆ ಅಲ್ಲಿ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಒತ್ತಿದ ಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಹೇಗೂ ಇರುವುದರಿಂದ ತಂಗಾಳಿಯ ವಾದ ಮಾತ್ರ ತೆಳುವಾಗುತ್ತದೆ. ಸೂಪರ್‌ಚಾರ್ಜರಿನ ಸಿಳ್ಳು ಬೀದಿಯ ಕೊನೆಯವರೆಗೂ ಕೇಳಿಸುತ್ತದೆ, ಕೇಳಿಸಬೇಕೆಂದೇ ಕೊಳವೆ ಹಾಕಿಸುವವರೂ ಇದ್ದಾರೆ.

ನಿಯಮಗಳನ್ನೂ ನೋಡಿಕೊಳ್ಳಬೇಕು. ಕ್ಯಾಲಿಫೋರ್ನಿಯದಲ್ಲಿ ಇಂಥ ಕಿಟ್ ಹಾಕಲು ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಹೊಗೆ ತಪಾಸಣೆಯಲ್ಲಿ ಕಾರು ನಪಾಸು. ಸ್ಟಿಕರಿಗೂ ಒಂದು ಉಪಯೋಗವಿದೆ ಎಂದು ತಿಳಿಯುವುದು ಅಲ್ಲಿಯೇ. ಇಂಗ್ಲೆಂಡಿನಲ್ಲಿ ವಿಮೆಯವರಿಗೆ ಈ ಬದಲಾವಣೆಯನ್ನು ತಿಳಿಸಬೇಕು. ತಿಳಿಸಿದರೆ ಪ್ರೀಮಿಯಂ ಏರಬಹುದು, ಅಶ್ವಶಕ್ತಿ ಏರದಿದ್ದರೂ. ಮಳೆಯ ಊರಿನವರಿಗೆ ಇನ್ನೊಂದು ಮಾತು: ಬಂಪರಿನ ಕೆಳಗೆ ಇಳಿಬಿಟ್ಟ ಫಿಲ್ಟರ್ ತಂಪನ್ನೇನೋ ಹುಡುಕುತ್ತದೆ, ಅಂಡರ್‌ಪಾಸಿನಲ್ಲಿ ನಿಂತ ನೀರನ್ನೂ ಹುಡುಕುತ್ತದೆ. ನೀರು ಗಾಳಿಯಂತೆ ಕುಗ್ಗದು. ಸಿಲಿಂಡರಿಗೆ ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ನಿನ ಕಥೆ ಅಲ್ಲಿಗೆ ಮುಗಿಯಿತು.

ಈ ಕಾರಿಗೆ ಖರ್ಚು ಮಾಡಲೇಬೇಕೆಂದಿದ್ದರೆ ಮೊದಲು ನೋಡಬೇಕಾದ ಜಾಗ ಬೇರೆಯೇ ಇದೆ. ಎಕ್ಸ್‌ಕೆ8ರ ಮೊದಮೊದಲ ಎಂಜಿನ್ನುಗಳಲ್ಲಿ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರುಗಳು ಪ್ಲಾಸ್ಟಿಕ್ಕಿನವು. ವಯಸ್ಸಾದಂತೆ ಬಿರುಕು ಬಿಡುತ್ತವೆ. ತುಂಡಾದರೆ ಚೈನು ಜಾರಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಅವುಗಳ ಜಾಗಕ್ಕೆ ಲೋಹದವು ಬಂದು ಬಹಳ ಕಾಲವಾಯಿತು. ಹಳೆಯವನ್ನು ಬದಲಿಸಿದರೆ ಸದ್ದು ಹೆಚ್ಚುವುದಿಲ್ಲ, ಬಾನೆಟ್ ಎತ್ತಿದಾಗ ಹೊಳೆಯುವುದಿಲ್ಲ, ನೆಂಟರಿಗೆ ತೋರಿಸಲು ಏನೂ ಇರುವುದಿಲ್ಲ. ಇಂಥ ಕಾರು ಇಟ್ಟುಕೊಂಡವರು ದಯವಿಟ್ಟು ಇನ್‌ಟೇಕಿನ ಕ್ಯಾಟಲಾಗನ್ನು ಮುಚ್ಚಿಟ್ಟು, ತಮ್ಮ ಎಂಜಿನ್ನಿನಲ್ಲಿರುವ ಟೆನ್ಷನರ್ ಪ್ಲಾಸ್ಟಿಕ್ಕಿನದೋ ಲೋಹದ್ದೋ ಎಂದು ಮೊದಲು ಮೆಕ್ಯಾನಿಕ್‌ನಿಂದ ನೋಡಿಸಲಿ.