ಬಡ್ತಿ ಮೀಮಾಂಸೆ: ಒಂದು ಹುಳಿಮಾವು ಭಾಷ್ಯ

ಕೆಳಗಿನ ದರ್ಜೆಯ ಫುಟ್‌ಬಾಲ್ ಕ್ಲಬ್ಬು ಮೇಲೇರುವುದು ಹೇಗೆ? ‘ಗೋಲು ಹೊಡೆದು’ ಎಂದು ಪೂರ್ವಸೂರಿಗಳು ಅವಸರದ ಉತ್ತರ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಲ್ಲಿ ಪಿ.ಜಿ. ನಡೆಸಿಕೊಂಡಿರುವ ಈ ಪ್ರಬಂಧಕಾರನಿಗೆ ಆ ಮತ ಸಮ್ಮತವಲ್ಲ.

ಮೊದಲು ಜನ್ಮವಿಚಾರ. 2013ರಲ್ಲಿ ಹುಟ್ಟಿ, ನೇರ ಐ-ಲೀಗಿನಲ್ಲೇ ಕಣ್ಣುಬಿಟ್ಟು, ಮೊದಲ ಸಲವೇ ಪ್ರಶಸ್ತಿ ಎತ್ತಿಕೊಂಡ ಬೆಂಗಳೂರು ಎಫ್‌ಸಿ ದ್ರೌಪದಿಯ ಹಾಗೆ ಅಯೋನಿಜ. ಅದಕ್ಕೆ ಬಾಲ್ಯವಿಲ್ಲ, ಆದ್ದರಿಂದ ಬಡ್ತಿಯ ಬಾಧೆಯೂ ಇಲ್ಲ. ಮಿಕ್ಕವರು ಮ್ಯಾಗ್ರತ್ ರಸ್ತೆಯ ಸ್ಟೇಡಿಯಂನಲ್ಲಿ ಸಿ, ಬಿ, ಎ, ಸೂಪರ್ ಡಿವಿಷನ್ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಮಧ್ಯಾಹ್ನದ ಬಿಸಿಲಲ್ಲಿ ಎಚ್‌ಎಎಲ್, ಎಂಇಜಿಯವರ ಹತ್ತಿರ ಭುಜ ತಿಕ್ಕಿಸಿಕೊಳ್ಳಬೇಕು. ಆಮೇಲೆ, ಆಗಿನ ಪದ್ಧತಿಯಲ್ಲಿ, ಐ-ಲೀಗಿನ ರಾಷ್ಟ್ರೀಯ ಎರಡನೇ ಡಿವಿಷನ್ನಿನ ಬಾಗಿಲು ತಟ್ಟಬೇಕಿತ್ತು.

ಇನ್ನು ಪ್ರಮಾಣಗಳು. 2018ರಲ್ಲಿ ಆ ಡಿವಿಷನ್ನಿನ ಅಂತಿಮ ಸುತ್ತು ನಮ್ಮೂರಲ್ಲೇ ನಡೆಯಿತು. ನಮ್ಮ ಓಜೋನ್ ಎಫ್‌ಸಿಯೂ ಕಣದಲ್ಲಿತ್ತು. ಮೇ 30ರಂದು ಹಿಂದುಸ್ತಾನ್ ಎಫ್‌ಸಿಯನ್ನು 3-2ರಿಂದ ಸೋಲಿಸಿ ಮೇಲೇರಿದ್ದು ಮಾತ್ರ ಶ್ರೀನಗರದ ರಿಯಲ್ ಕಾಶ್ಮೀರ್. 2021ರ ಅಕ್ಟೋಬರ್‌ನಲ್ಲಿ ಐ-ಲೀಗಿನ ಅರ್ಹತಾ ಕೂಟವೂ ಇಲ್ಲಿಗೇ ಬಂತು. ಎಫ್‌ಸಿ ಬೆಂಗಳೂರು ಯುನೈಟೆಡ್ ಆಡಿತು, ರಾಜಸ್ಥಾನ್ ಯುನೈಟೆಡ್ ಬಡ್ತಿ ಪಡೆಯಿತು.

ಇದನ್ನು ಅರ್ಥೈಸಲು ಪಿ.ಜಿ. ನಡೆಸಿದ ಅನುಭವ ಬೇಕು. ಹುಡುಗರು ಎಲ್ಲಿಂದಲೋ ಒಂದು ಟ್ರಾಲಿ ಬ್ಯಾಗು ಎಳೆದುಕೊಂಡು ಬರುತ್ತಾರೆ. ರಾತ್ರಿ ಗಂಟೆ ಲೆಕ್ಕದ ಟರ್ಫಿನಲ್ಲಿ ಆಡಿ, ಕಾಲುಚೀಲದ ತುಂಬ ಕಪ್ಪು ರಬ್ಬರ್ ಕಾಳು ತುಂಬಿಕೊಂಡು ಬಂದು ಮೆಟ್ಟಿಲ ಮೇಲೆ ಕೊಡವುತ್ತಾರೆ. ಬೆಳಿಗ್ಗೆ ಗುಡಿಸುವವರು ನಾವು. ಎರಡು ವರ್ಷದಲ್ಲಿ ಅವರಿಗೆ ಪ್ರಮೋಷನ್ನು, ಸರ್ಜಾಪುರ ರಸ್ತೆಯಲ್ಲಿ ಫ್ಲ್ಯಾಟು. ಓನರ್ರು ಅದೇ ಗ್ರೌಂಡ್ ಫ್ಲೋರು. ಆದುದರಿಂದ ಸಿದ್ಧಾಂತ: ಬೆಂಗಳೂರು ಬಡ್ತಿ ಕೊಡುವ ಊರು, ಪಡೆಯುವ ಊರಲ್ಲ.

ಆತಿಥೇಯರು ಎಲ್ಲೆಡೆ ಹೀಗೆಯೇ ಎಂದು ತಿಳಿಯಬಾರದು. 2020ರಲ್ಲಿ ಅರ್ಹತಾ ಕೂಟ ಬಂಗಾಳದಲ್ಲಿ ನಡೆದಾಗ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಬಡ್ತಿಯನ್ನು ತಾನೇ ಇಟ್ಟುಕೊಂಡಿತು. ಒಳ್ಳೆಯ ರೂಮನ್ನು ಬಾಡಿಗೆಗೆ ಕೊಡದ ಓನರ್ರೂ ಇರುತ್ತಾರೆ.

ಪೂರ್ವಪಕ್ಷದವರು ಇಲ್ಲಿ ಎಸ್‌ಸಿ ಬೆಂಗಳೂರಿನ ಹೆಸರೆತ್ತುತ್ತಾರೆ. ನಿಜ, 2023–24ರ ಐ-ಲೀಗ್ 2 ಗೆದ್ದು ಅದು ಮೇಲೇರಿತು. ಪ್ರಬಂಧಕಾರ ಒಂದು ವರ್ಷ ಕಂಗೆಟ್ಟಿದ್ದೂ ನಿಜ. ಆದರೆ ಮುಂದಿನ ಋತುವಿನಲ್ಲೇ ಅದು ಕೆಳಗಿಳಿದು ಶಾಸ್ತ್ರದ ಮರ್ಯಾದೆ ಉಳಿಸಿತು. ಊರಿನ ಅಭಿಮಾನಿಯಾಗಿ ಬೇಸರ, ವಿದ್ವಾಂಸನಾಗಿ ಸಮಾಧಾನ.

ಹಸ್ತಪ್ರತಿಯನ್ನು ಮೂರನೇ ಮಹಡಿಯ ಹುಡುಗನಿಗೆ ಓದಿಸಿದಾಗ ಅವನು ಒಂದೇ ಆಕ್ಷೇಪ ಎತ್ತಿದ: ‘ಅಂಕಲ್, ನಿಮ್ಮ ಬಾಡಿಗೆ ಪ್ಲೇಆಫೇ ಆಡದೆ ಪ್ರತಿವರ್ಷ ಮೇಲೆ ಹೋಗತ್ತಲ್ಲ?’

ಸದರಿ ಆಕ್ಷೇಪ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.